ಪಹಣಿಯ ಕಾವಲು

2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಹೊರಗಿನಿಂದ ದಾಳಿ ನಡೆಯಿತು. ನಕಲಿ ಖಾತೆಗಳನ್ನು ತೆರೆದವರು ಋಣಭಾರ ಪತ್ರ ಹುಡುಕುವ ನೆಪದಲ್ಲಿ ಲಕ್ಷಗಟ್ಟಲೆ ಸುಳ್ಳು ಕೋರಿಕೆಗಳನ್ನು ಸುರಿದು ಸರ್ವರನ್ನು ಉಸಿರುಗಟ್ಟಿಸಿದರು. ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳೆಲ್ಲ ಅದೇ ಸರ್ವರಿಗೆ ಕಟ್ಟಿಕೊಂಡಿರುವುದರಿಂದ, ಬೆಂಗಳೂರಿನಲ್ಲಿ ಯಂತ್ರ ಕುಂಟಿದರೆ ಕಡೂರಿನಲ್ಲೂ ತರೀಕೆರೆಯಲ್ಲೂ ಕ್ರಯಪತ್ರ ಹಿಡಿದು ಬಂದವರು ಬೆಂಚಿನ ಮೇಲೆ ಕಾಯಬೇಕು. ಪೊಲೀಸ್ ದೂರು ದಾಖಲಾಯಿತು, ಕಂದಾಯ ಸಚಿವರು ವಿವರ ಕೊಟ್ಟರು, ಗೋಡೆ ಎತ್ತರಿಸುವ ಮಾತು ಎಲ್ಲೆಡೆ ಕೇಳಿಬಂತು. ಗೋಡೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರಿ ದಾಖಲೆಯನ್ನು ಕಾಯುವ ಕೆಲಸ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಅದಕ್ಕೆ ಕನಿಷ್ಠ ಎಂಟು ಶತಮಾನಗಳ ಲಿಖಿತ ಚರಿತ್ರೆಯಿದೆ. ಅದನ್ನು ನೋಡುತ್ತ ಬಂದರೆ ತಿಳಿಯುವುದು ಇಷ್ಟು: ದಾಖಲೆ ಕಲ್ಲಿನ ಮೇಲಿತ್ತೋ ಬಟ್ಟೆಯ ಮೇಲಿತ್ತೋ ಕಾಗದದ ಮೇಲಿತ್ತೋ ಎಂಬುದರಿಂದ ಅದು ಉಳಿಯಲಿಲ್ಲ. ಅದನ್ನು ತಿದ್ದುವ ಅಧಿಕಾರ ಒಬ್ಬನ ಕೈಯಲ್ಲಿ ಮಾತ್ರ ಇತ್ತೇ, ತಿದ್ದಿದ್ದು ಊರಿಗೆ ಗೊತ್ತಾಗುತ್ತಿತ್ತೇ ಎಂಬ ಎರಡು ಪ್ರಶ್ನೆಗಳ ಮೇಲೆಯೇ ಅದರ ಅಳಿವು ಉಳಿವು ನಿಂತಿತ್ತು.

ಶಾಸನಗಳಿಂದ ಶುರುಮಾಡೋಣ. ಬಿ. ಎಲ್. ರೈಸ್ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟವನ್ನು ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲಿಟ್ಟರು; ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಅದೇ ಹೆಸರು. ತರೀಕೆರೆ ಬಳಿಯ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಕಾವ್ಯಗುಣಕ್ಕಾಗಿ ನಾವು ಅದನ್ನು ನೆನೆಯುತ್ತೇವೆ. ಆದರೆ ದಾನಶಾಸನ ಮೂಲತಃ ಕಂದಾಯದ ದಾಖಲೆ: ಯಾವ ಭೂಮಿ, ಯಾರು ಕೊಟ್ಟರು, ಯಾರಿಗೆ ಸಲ್ಲಬೇಕು, ಎಲ್ಲೆ ಎಲ್ಲಿಂದ ಎಲ್ಲಿಗೆ. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ, ಹತ್ತು ಜನ ಓಡಾಡುವ ಗುಡಿಯ ಅಂಗಳದಲ್ಲಿ ನಿಲ್ಲಿಸಿದರು. ಓದಲು ಬಾರದವನಿಗೂ ಆ ಕಲ್ಲು ಯಾವ ಭೂಮಿಯದು ಎಂಬುದು ಗೊತ್ತಿರುತ್ತಿತ್ತು. ಒಂದು ಸಾಲು ಕೆತ್ತಿಹಾಕಿದರೆ ಗಾಯ ಎದ್ದು ಕಾಣುತ್ತಿತ್ತು. ತಾಮ್ರಪಟದ ಕಥೆ ಬೇರೆ. ಅದಕ್ಕೆ ಉಂಗುರವಿತ್ತು, ರಾಜಮುದ್ರೆಯಿತ್ತು, ಲೋಹದ ಗಟ್ಟಿತನವಿತ್ತು. ಆದರೆ ಅದು ಮನೆಯೊಳಗೆ ಇರುತ್ತಿತ್ತು. ಗಂಗರ ಹೆಸರಿನ ಎಷ್ಟೋ ತಾಮ್ರಶಾಸನಗಳು ಕೂಟಶಾಸನಗಳು, ಅಂದರೆ ನಕಲಿ, ಎಂದು ಜೆ. ಎಫ್. ಫ್ಲೀಟ್ ವಾದಿಸಿದಾಗ ರೈಸ್‌ಗೂ ಅವರಿಗೂ ನಡೆದ ಜಗಳ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವುದೇ. ಬಯಲಲ್ಲಿ ನಿಂತ ಕಲ್ಲಿಗಿಂತ ಮುದ್ರೆಯೊತ್ತಿದ ತಗಡಿನ ಬಗ್ಗೆಯೇ ವಿದ್ವಾಂಸರು ಹೆಚ್ಚು ಅನುಮಾನಪಟ್ಟರೆಂಬುದು ಗಮನಿಸಬೇಕಾದ ಸಂಗತಿ.

ಇನ್ನು ಬಟ್ಟೆಯ ಮೇಲಿನ ದಾಖಲೆಯಾದ ಕಡತದ ವಿಷಯವನ್ನು ತುಸು ನಿಧಾನವಾಗಿ ನೋಡಬೇಕು. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಎರಡೂ ಬದಿಗೆ ಮೆತ್ತಿ, ಒಣಗಿಸಿ, ಒಂದೇ ಅಗಲದ ಮಡಿಕೆಗಳಾಗಿ ಮಡಚಿ, ಎರಡು ತುದಿಗೂ ಮರದ ಹಲಗೆ ಕಟ್ಟಿದರೆ ಕಡತ ಸಿದ್ಧ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸತೊಡಗಿದ ಮೈಸೂರಿನ ಚರಿತ್ರೆಯಲ್ಲಿ ಇದರ ವರ್ಣನೆಯಿದೆ: ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದ. ಬಳಪದಲ್ಲಿ ಬರೆಯುವುದು, ಬೇಡವೆನಿಸಿದರೆ ಒರೆಸಿ ಮತ್ತೆ ಬರೆಯುವುದು. ಇದೇ ಜಿಲ್ಲೆಯ ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಸಾಲುಸಾಲಾಗಿ ಉಳಿದುಬಂದಿವೆ. ಮಠದ ಆಡಳಿತ, ಜಮೀನು, ಅರಮನೆಯೊಡನೆ ನಡೆದ ಪತ್ರವ್ಯವಹಾರ ಎಲ್ಲಕ್ಕೂ ಅವೇ ಆಧಾರ. ಒಂದು ಗಳಿಗೆಯಲ್ಲಿ ಒರೆಸಬಹುದಾದ ಬರಹವನ್ನು ರಾಜ್ಯವೂ ಮಠವೂ ವರ್ತಕರೂ ಹೇಗೆ ನಂಬಿದರು? ಬರೆದವನ ಕೈ ಯಾರದೆಂದು ಗೊತ್ತಿತ್ತು, ಅದೇ ವ್ಯವಹಾರದ ಇನ್ನೊಂದು ಲೆಕ್ಕ ಎದುರು ಪಕ್ಷದ ಬಳಿ ಇರುತ್ತಿತ್ತು. ಒಂದು ಕಡತದಲ್ಲಿ ಅಂಕಿ ಬದಲಾದರೆ ಇನ್ನೊಂದು ಕಡೆ ಅದು ತಾಳೆಯಾಗುತ್ತಿರಲಿಲ್ಲ. ಇವತ್ತಿನ ಸರ್ವರ್ ಕೂಡ ಸ್ವಭಾವದಲ್ಲಿ ಕಡತದ ಜಾತಿಯದೇ, ಒರೆಸಿ ಬರೆಯಲು ಮಾಡಿದ್ದು. ಅದನ್ನು ಕಾಯುವ ಉಪಾಯವೂ ಬೇರೆಯಾಗಿರಲು ಕಾರಣವಿಲ್ಲ.

ಹತ್ತೊಂಬತ್ತನೆಯ ಶತಮಾನದ ಮೈಸೂರು ಆಡಳಿತ ಈ ಉಪಾಯವನ್ನು ಕಾನೂನಿನ ಚೌಕಟ್ಟಿಗೆ ತಂದಿತು. 1863ರಲ್ಲಿ ಮುಂಬಯಿ ಮಾದರಿಯ ಕಂದಾಯ ಸರ್ವೆ ಚಿತ್ರದುರ್ಗದ ಕಡೆಯಿಂದ ಆರಂಭವಾಗಿ ಹಂತಹಂತವಾಗಿ ಉಳಿದ ಜಿಲ್ಲೆಗಳಿಗೆ ಹಬ್ಬಿತು. ಕಡೂರು ಪಟ್ಟಣದಲ್ಲಿದ್ದ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ಹೋದದ್ದೂ ಆ ದಶಕದಲ್ಲೇ, 1865ರಲ್ಲಿ. ಪ್ರತಿ ಜಮೀನಿಗೂ ಸರ್ವೆ ನಂಬರು ಬಂತು, ಮೂಲೆಗಳಲ್ಲಿ ಬಾಂದುಕಲ್ಲು ನೆಟ್ಟರು, ಸರಪಣಿ ಹಿಡಿದು ಅಳೆದು ಟಿಪ್ಪಣಿ ಬರೆದರು, ವಿಸ್ತೀರ್ಣವನ್ನೂ ಕಂದಾಯವನ್ನೂ ಆಕಾರಬಂದಿಗೆ ಏರಿಸಿದರು. ಹೊಲದಲ್ಲಿ ಕಲ್ಲು, ಸರ್ವೆ ಕಚೇರಿಯಲ್ಲಿ ಟಿಪ್ಪಣಿ, ಗ್ರಾಮದಲ್ಲಿ ಶಾನುಭೋಗರ ಲೆಕ್ಕ, ತಾಲ್ಲೂಕಿನಲ್ಲಿ ಅಮಲ್ದಾರರ ಲೆಕ್ಕ: ಒಂದು ಎಕರೆಯ ಸತ್ಯ ನಾಲ್ಕು ಕಡೆ ಹರಡಿಕೊಂಡಿತು. ಒಂದನ್ನು ತಿದ್ದಿದರೆ ಉಳಿದ ಮೂರು ಸುಮ್ಮನಿರುತ್ತಿರಲಿಲ್ಲ. ಕೆಲಸವನ್ನೂ ಹಾಗೆಯೇ ಹಂಚಿದ್ದರು. ಲೆಕ್ಕ ಬರೆಯುವವರು ಶಾನುಭೋಗರು, ಹಣ ವಸೂಲು ಮಾಡುವವರು ಪಟೇಲರು. ಇಬ್ಬರ ಮೇಲೆ ಹೋಬಳಿಯ ಶೇಕ್‌ದಾರರ ಕಣ್ಣು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಎಲ್ಲ ಪುಸ್ತಕಗಳನ್ನೂ ಮುಂದಿಟ್ಟು ತಾಳೆ ನೋಡುತ್ತಿದ್ದರು. ಇಂದಿನ ಮಾಹಿತಿ ಭದ್ರತೆಯ ಕೈಪಿಡಿಗಳು ಕರ್ತವ್ಯಗಳನ್ನು ಬೇರ್ಪಡಿಸಬೇಕು, ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಬೇಕು, ನಿಯಮಿತವಾಗಿ ಲೆಕ್ಕತಪಾಸಣೆ ಆಗಬೇಕು ಎನ್ನುತ್ತವೆ. ಯಗಟಿ, ಶಿವನಿ, ಲಿಂಗದಹಳ್ಳಿ ಹೋಬಳಿಗಳ ಹಳ್ಳಿಗಳಲ್ಲಿ ವಿದ್ಯುತ್ ಬರುವ ಎಷ್ಟೋ ಮೊದಲೇ ಈ ಮೂರೂ ನಡೆಯುತ್ತಿದ್ದವು.

ಹಳೆಯ ಕಾಲವನ್ನು ಹೊಗಳುತ್ತಿದ್ದೀರಿ ಎಂಬ ಆಕ್ಷೇಪ ಇಲ್ಲಿ ಏಳುವುದು ಸಹಜ, ಏಳಲೇಬೇಕು. ಶಾನುಭೋಗಿಕೆ ವಂಶಪಾರಂಪರ್ಯದ ಹಕ್ಕಾಗಿತ್ತು, ಅದು ಹೆಚ್ಚಾಗಿ ಕೆಲವೇ ಜಾತಿಗಳ ಮನೆಗಳಲ್ಲಿ ಉಳಿದಿತ್ತು. ಉಳುವವನಿಗೆ ಅಕ್ಷರ ಬರುತ್ತಿರಲಿಲ್ಲ. ತನ್ನ ಹೆಸರಿನ ಮುಂದೆ ಏನು ಬರೆದಿದೆಯೆಂದು ತಿಳಿಯಲು ಬರೆದವನನ್ನೇ ಕೇಳಬೇಕಿತ್ತು. ಗೇಣಿದಾರನ ಹೆಸರು ದಾಖಲೆಗೆ ಬಾರದೆಯೇ ಮೂರು ತಲೆಮಾರು ದುಡಿದು ಹೋದ ಉದಾಹರಣೆಗಳಿಗೆ ಬರವಿಲ್ಲ. 1974ರ ಭೂಸುಧಾರಣೆಯ ಬಳಿಕ ನ್ಯಾಯಮಂಡಳಿಗಳ ಮುಂದೆ ಬಿದ್ದ ಏಳನೇ ನಮೂನೆಯ ಅರ್ಜಿಗಳ ರಾಶಿಯೇ ಅದಕ್ಕೆ ಸಾಕ್ಷಿ. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದು ನನ್ನ ವಾದವನ್ನು ಕೆಡವುವುದಿಲ್ಲ, ಇನ್ನಷ್ಟು ಬಿಗಿಗೊಳಿಸುತ್ತದೆ. ಪಟೇಲ, ಶಾನುಭೋಗ, ಶೇಕ್‌ದಾರ ಒಬ್ಬರನ್ನೊಬ್ಬರು ಕಾಯುತ್ತಿದ್ದರು ನಿಜ, ಆದರೆ ಮೂವರೂ ಸರ್ಕಾರದ ಕಂದಾಯವನ್ನು ಕಾಯುತ್ತಿದ್ದರು, ರೈತನ ಹಕ್ಕನ್ನಲ್ಲ. ನೋಡುವ ಕಣ್ಣುಗಳ ಸಾಲಿನಲ್ಲಿ ಜಮೀನಿನವನ ಕಣ್ಣು ಸೇರಿರಲಿಲ್ಲ. ದೋಷ ಅಲ್ಲಿತ್ತು.

ಆ ದೋಷವನ್ನು ಸರಿಪಡಿಸಲು ಹೊರಟಾಗ ಒಳ್ಳೆಯದೊಂದು ಕಳೆದುಹೋಯಿತು. ಗ್ರಾಮಾಧಿಕಾರಗಳ ರದ್ದತಿಗೆ 1961ರಲ್ಲಿ ಕಾನೂನು ಬಂದು 1963ರಿಂದ ಅದು ಜಾರಿಯಾಯಿತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ವಂಶದ ಹಕ್ಕು ಹೋದದ್ದು ನ್ಯಾಯವಾದ ಕೆಲಸ. ಆದರೆ ಪಟೇಲರೂ ಹೋದರು, ಜಮಾಬಂದಿ ಬರಬರುತ್ತ ಸಹಿಯ ಶಾಸ್ತ್ರವಾಯಿತು, ಹಲವು ಹಳ್ಳಿಗಳ ಪಹಣಿ ಒಬ್ಬ ಗ್ರಾಮಲೆಕ್ಕಿಗರ ಚೀಲದಲ್ಲಿ ಓಡಾಡತೊಡಗಿತು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಮಾಲೀಕನ ಹೆಸರು, ಹನ್ನೊಂದರಲ್ಲಿ ಹಕ್ಕು ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿದಾರ ಮತ್ತು ಬೆಳೆ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಸುಳ್ಳೆಂದು ಸಾಬೀತಾಗುವವರೆಗೆ ಅಲ್ಲಿ ಬರೆದದ್ದೇ ಸತ್ಯ. ಅಂದರೆ ಒಂದು ಸಾಲು ತಿದ್ದಿದವನು ಸತ್ಯದ ಭಾರವನ್ನೇ ಎದುರಿನವನ ತಲೆಯ ಮೇಲೆ ಹೊರಿಸಿಬಿಡಬಹುದು. ಒಬ್ಬನ ಕೈಬರಹಕ್ಕೆ ಕಾನೂನು ಇಷ್ಟು ಬಲ ಕೊಟ್ಟಿತು, ಆ ಕೈಯನ್ನು ನೋಡುವವರನ್ನು ಮಾತ್ರ ಕಡಿಮೆ ಮಾಡಿತು. ಮೂರೂವರೆ ದಶಕ ಹೀಗೆ ನಡೆಯಿತು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಸಿವಿಲ್ ದಾವೆಗಳ ಬೇರು ಹುಡುಕಿದರೆ ಎಷ್ಟೋ ಬೇರುಗಳು ಈ ಅವಧಿಗೇ ಇಳಿಯುತ್ತವೆ.

2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯ ಹಿರಿಮೆ ಇಲ್ಲಿಯೇ ಇದೆ. ಸುಮಾರು 2 ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರು, ಆಗಿನ 177 ತಾಲ್ಲೂಕುಗಳು: ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದ್ದು ಕಂದಾಯ ಇಲಾಖೆ ಮತ್ತು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಕೂಡಿ, ಅದರ ಬೆನ್ನಿಗೆ ನಿಂತ ಅಧಿಕಾರಿ ರಾಜೀವ್ ಚಾವ್ಲಾ. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಯಾರು ಬೇಕಾದರೂ ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ಪಡೆಯುವಂತಾಯಿತು. ಭದ್ರತೆಯ ವಿಷಯದಲ್ಲಿ ಭೂಮಿ ಮಾಡಿದ ಕೆಲಸವನ್ನು ನಾವು ಸರಿಯಾಗಿ ಗುರುತಿಸಿಲ್ಲ. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಘೋಷಿಸಿದರು. ಎರಡು ದಾಖಲೆಗಳು ಜಗಳವಾಡುವ ಸಂದರ್ಭವೇ ತಪ್ಪಿತು. ಸಿಬ್ಬಂದಿ ಗುಪ್ತಪದದ ಬದಲು ಬೆರಳಚ್ಚು ಕೊಟ್ಟು ಯಂತ್ರ ತೆರೆಯಬೇಕು. ಗುಪ್ತಪದವನ್ನು ಪಕ್ಕದವರಿಗೆ ಹೇಳಬಹುದು, ಬೆರಳನ್ನು ಬಿಟ್ಟುಹೋಗಲಾಗದು. ಮುಟೇಶನ್ (ಹಕ್ಕು ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಿತ್ತು; ನೋಟಿಸ್ ಕೊಟ್ಟು 30 ದಿನ ಕಾದು, ತಕರಾರು ಬಾರದಿದ್ದರೆ ಮಾತ್ರ ಕಂದಾಯ ನಿರೀಕ್ಷಕರ ಆದೇಶವಾಗಬೇಕಿತ್ತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಪಹಣಿ ಪಡೆದವರ ಪೈಕಿ ಶೇ. 66 ಮಂದಿ ಲಂಚ ಕೊಟ್ಟಿದ್ದೆವು ಎಂದಿದ್ದರೆ, ಭೂಮಿಯ ಕಿಟಕಿಯಲ್ಲಿ ಪಡೆದವರಲ್ಲಿ ಹಾಗೆಂದವರು ಶೇ. 3 ಮಾತ್ರ. ಒಂದು ಸರ್ಕಾರಿ ವ್ಯವಸ್ಥೆ ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಬದಲಾದದ್ದು ಅಪರೂಪ, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ.

ಆದರೆ ಪಹಣಿಯ ಪ್ರತಿ ಕೈಗೆ ಸಿಗುವುದು ಒಂದು, ಪಹಣಿಯ ಮೇಲೆ ಊರಿನ ನಿಗಾ ಇರುವುದು ಇನ್ನೊಂದು. ದಾಖಲೆ ಹಳ್ಳಿಯಿಂದ ತಾಲ್ಲೂಕಿಗೆ, ಅಲ್ಲಿಂದ ರಾಜಧಾನಿಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ತಮ್ಮ ಅಧ್ಯಯನದಲ್ಲಿ, ಭೂಮಿ ಯೋಜನೆಯಿಂದ ತೀರ್ಮಾನದ ಜಾಗ ಹಳ್ಳಿಯಿಂದ ಮೇಲಕ್ಕೆ ಸರಿಯಿತು, ಅದರ ಲಾಭ ದೊಡ್ಡ ಕೊಳ್ಳುಗರಿಗೆ ಸುಲಭವಾಗಿ ಸಿಕ್ಕಿತು ಎಂದು ವಾದಿಸಿದರು. ಅವರು ಬೆಂಗಳೂರಿನ ಅಂಚನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಕಡೂರಿನ ತೆಂಗಿನ ತೋಟಕ್ಕೂ ಅಜ್ಜಂಪುರದ ಎರೆಹೊಲಕ್ಕೂ ಅದೆಲ್ಲ ಹಾಗೆಯೇ ಅನ್ವಯಿಸುವುದಿಲ್ಲ. ಆದರೂ ಒಂದು ಮಾತು ಎಲ್ಲೆಡೆಗೂ ನಿಲ್ಲುತ್ತದೆ: ಬದಲಾವಣೆ ನಡೆಯುವ ಜಾಗ ದೂರವಾದಷ್ಟೂ ಅದನ್ನು ಗಮನಿಸುವ ಸಾಕ್ಷಿಗಳು ಕಡಿಮೆಯಾಗುತ್ತಾರೆ. ಕಾಯುವ ಅವಧಿಯೂ ಕುಗ್ಗಿದೆ. ನೋಂದಣಿಯಾದ ಖರೀದಿಗಳಲ್ಲಿ 30 ದಿನದ ಜಾಗದಲ್ಲಿ ಈಗ 7 ದಿನ. ಕೊಂಡವನಿಗೆ ಅನುಕೂಲವಾಯಿತು, ಸಂತೋಷ. ಬೆಂಗಳೂರಿಗೋ ದುಬೈಗೋ ದುಡಿಯಲು ಹೋದ ತಮ್ಮನ ಪಾಲು ಯಾರ ಹೆಸರಿಗೆ ಹೋಯಿತೆಂದು ತಿಳಿಯಲು ಏಳು ದಿನ ಸಾಕೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಹೊರಗಿನ ದಾಳಿಯೇ ದೊಡ್ಡ ಅಪಾಯ, ನೀವು ಹಳ್ಳಿಯ ಸಾಕ್ಷಿಗಳ ಮಾತಾಡುತ್ತ ಕೂತಿದ್ದೀರಿ ಎಂದು ತಂತ್ರಜ್ಞರು ಹೇಳಬಹುದು. ಅವರ ಬಳಿ ಪುರಾವೆಗಳಿವೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲಕ್ಕೆ ನುಗ್ಗಿ ಸುಮಾರು 11.5 ಕೋಟಿ ರೂಪಾಯಿ ಲಪಟಾಯಿಸಿದ ಪ್ರಕರಣವಿದೆ. ಆರಂಭದಲ್ಲಿ ಹೇಳಿದ ಕಾವೇರಿಯ ಮೇಲಿನ ದಾಳಿಯಿದೆ. ಸರ್ಕಾರವೂ ಸುಮ್ಮನೆ ಕೂತಿಲ್ಲ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ತೆರೆಯಿತು, ಆಮೇಲೆ ಜಿಲ್ಲೆಗೊಂದರಂತೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ (ಸಿಇಎನ್) ಠಾಣೆಗಳು ಬಂದವು, 2024ರ ಆಗಸ್ಟ್‌ನಲ್ಲಿ ರಾಜ್ಯದ ಸೈಬರ್ ಭದ್ರತಾ ನೀತಿ ಬಂತು. ಇದೆಲ್ಲ ಬೇಕಾದ್ದೇ. ಆದರೆ ಜಮೀನಿನ ದಾಖಲೆಗೆ ಬಂದ ಕುತ್ತುಗಳ ಚರಿತ್ರೆಯಲ್ಲಿ ಗೋಡೆ ಹಾರಿ ಬಂದ ಕಳ್ಳನಿಗಿಂತ ಬೀಗದಕೈ ಇದ್ದವರ ಪಾಲೇ ದೊಡ್ಡದು. ಕಡೂರಿನದೇ ಉದಾಹರಣೆ ಕಣ್ಣ ಮುಂದಿದೆ. ಕಡೂರು ಮತ್ತು ಮೂಡಿಗೆರೆ ತಾಲ್ಲೂಕುಗಳಲ್ಲಿ ಸರ್ಕಾರಿ ಜಮೀನನ್ನು ಅಕ್ರಮವಾಗಿ ಮಂಜೂರು ಮಾಡಲಾಗಿದೆ ಎಂಬ ಆರೋಪ ಎದ್ದಾಗ, ತನಿಖೆಗೆ ತಹಶೀಲ್ದಾರರ ತಂಡವನ್ನೇ ಸರ್ಕಾರ ನೇಮಿಸಬೇಕಾಯಿತು. ಅಲ್ಲಿ ಯಾವ ಹ್ಯಾಕರನೂ ಇರಲಿಲ್ಲ. ಅಧಿಕೃತವಾಗಿ ಯಂತ್ರ ತೆರೆದು, ಅಧಿಕೃತವಾಗಿ ಕಡತ ಸೃಷ್ಟಿಸಿ, ಅಧಿಕೃತ ಸಹಿ ಹಾಕಿ ಮಾಡುವ ಕೆಲಸವನ್ನು ಯಾವ ಫೈರ್‌ವಾಲ್ ತಡೆದೀತು? ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ಕೋರುವ ಬಗರ್ ಹುಕುಂ ಅರ್ಜಿದಾರರ ಹೆಸರು, ಸರ್ವೆ ನಂಬರು, ವಿಸ್ತೀರ್ಣವನ್ನು ಆದೇಶಕ್ಕೆ ಮೊದಲೇ ಆಯಾ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಿದರೆ, ಯಾರು ಎಷ್ಟು ವರ್ಷ ಎಲ್ಲಿ ಉತ್ತಿದ್ದಾರೆಂದು ಅಲ್ಲಿ ಕೂತ ಮುದುಕಿಯೂ ಹೇಳಬಲ್ಲಳು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ದಾಖಲೆಯನ್ನು ಬಯಲಿಗೆ ಇಡುವುದೇ ಕಳ್ಳತನಕ್ಕೆ ದಾರಿ ಎನ್ನುವವರಿಗೆ 2023ರ ಘಟನೆಗಳು ಬಲ ಕೊಡುತ್ತವೆ. ನೋಂದಣಿಯಾದ ಕ್ರಯಪತ್ರಗಳ ಪ್ರತಿಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಬ್ಯಾಂಕ್ ಖಾತೆಯಿಂದ ಹಣ ತೆಗೆದ ದೂರುಗಳು ಬಂದವು. ಆಮೇಲೆ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಚಬೇಕಾಯಿತು. ಇದಕ್ಕೆ ಉತ್ತರ ಎಲ್ಲವನ್ನೂ ಮುಚ್ಚುವುದಲ್ಲ, ಯಾವುದನ್ನು ತೋರಿಸಬೇಕು ಯಾವುದನ್ನು ತೋರಿಸಬಾರದು ಎಂದು ಬೇರ್ಪಡಿಸುವುದು. ಜಮೀನು ಯಾರದು, ಎಷ್ಟು, ಯಾವಾಗ ಯಾವ ಆದೇಶದಿಂದ ಬದಲಾಯಿತು, ಇವು ಊರಿನ ವಿಷಯ. ಬೆರಳಚ್ಚು, ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ ಇವು ಆಯಾ ಮನುಷ್ಯನವು. ಅಮೃತಾಪುರದ ಕಲ್ಲಿನ ಮೇಲೆ ದಾನದ ವಿವರ ಇತ್ತು, ರಾಜನ ಮುದ್ರೆಯುಂಗುರವನ್ನು ಅಲ್ಲಿ ಯಾರೂ ತೂಗುಹಾಕಿರಲಿಲ್ಲ. ಆಡಳಿತ ಈ ವಿವೇಕವನ್ನು ಬೇಗ ಕಲಿಯಬೇಕು, ಏಕೆಂದರೆ 2024ರಿಂದ ಪಹಣಿಗಳಿಗೆ ಆಧಾರ್ ಜೋಡಿಸುವ ಕೆಲಸ ನಡೆದಿದೆ. ಗ್ರಾಮ ಆಡಳಿತ ಅಧಿಕಾರಿಗಳೆಂದು ಈಗ ಕರೆಸಿಕೊಳ್ಳುವ ಗ್ರಾಮಲೆಕ್ಕಿಗರು ಹತ್ತಕ್ಕೂ ಮೀರಿದ ಆ್ಯಪ್‌ಗಳನ್ನು ಸರಿಯಾದ ಸಲಕರಣೆಯಿಲ್ಲದೆ ನಿಭಾಯಿಸಬೇಕಾಗಿದೆ ಎಂದು 2024ರಲ್ಲಿ ರಾಜ್ಯದುದ್ದಕ್ಕೂ ಮುಷ್ಕರ ಹೂಡಿದರು. ಅದನ್ನು ನೌಕರರ ಬೇಡಿಕೆಯೆಂದಷ್ಟೇ ಓದಿದರೆ ತಪ್ಪಾಗುತ್ತದೆ. ಕೋಟ್ಯಂತರ ಜನರ ಗುರುತು ಹಾದುಹೋಗುವ ಕೈಗೆ ಸರಿಯಾದ ಸಲಕರಣೆ ಕೊಡದ ಮೇಲೆ ದತ್ತಾಂಶ ಕೇಂದ್ರದ ಬಾಗಿಲಿಗೆ ಎಷ್ಟು ಬೀಗ ಹಾಕಿದರೇನು.

ಈಗ ಮೂಲ ಕಾಗದಗಳ ಸರದಿ ಬಂದಿದೆ. ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಅಭಿಲೇಖಾಲಯದ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ 2024ರಲ್ಲಿ ಆರಂಭವಾಯಿತು. ಅಜ್ಜಂಪುರದಂಥ ತಾಲ್ಲೂಕಿಗೆ ಇದು ಬಹಳ ಮುಖ್ಯ. 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಅದಕ್ಕೆ ಮೊದಲಿನ ದಾಖಲೆಗಳೆಲ್ಲ ತರೀಕೆರೆ ತಾಲ್ಲೂಕಿನವು. ಒಂದು ಕಚೇರಿ ಎರಡಾಗುವಾಗ ಕಡತ ಕಳೆಯುವುದು, ಕಳೆದಿದೆ ಎಂದು ಹೇಳುವುದು, ಕಳೆದದ್ದು ಬೇಕಾದಾಗ ದಿಢೀರನೆ ಸಿಗುವುದು, ಮೂರಕ್ಕೂ ಅವಕಾಶವಿದೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಅರಸರ ಕಾಲದಿಂದ ದನಗಳಿಗೆಂದು ಬಿಟ್ಟ ಕಾವಲುಗಳು ಈ ಸೀಮೆಯುದ್ದಕ್ಕೂ ಇವೆ. ಅವುಗಳ ಎಲ್ಲೆ ಹಳೆಯ ಕಾಗದದಲ್ಲಿದೆ, ಒತ್ತುವರಿಯಾದರೆ ಬಾಯಿಬಿಟ್ಟು ಕೇಳಲು ದನಕ್ಕೆ ಬಾಯಿಲ್ಲ. ಹಾಗಾಗಿ ಸ್ಕ್ಯಾನ್ ಮಾಡುವ ಮೊದಲು ಪುಟಗಳನ್ನು ಎಣಿಸಿ ಪಟ್ಟಿ ಪ್ರಕಟಿಸಬೇಕು. ಸುಳ್ಳು ಕಾಗದ ಒಮ್ಮೆ ಯಂತ್ರದೊಳಗೆ ಹೋದರೆ ಅದೂ ಸತ್ಯದ ಜೊತೆ ಅಷ್ಟೇ ಭದ್ರವಾಗಿ ಕೂತುಬಿಡುತ್ತದೆ.

ಇದಕ್ಕೆ ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ, ಹೊಸ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿವರ್ಷ ಪಂಚಾಯಿತಿಯ ಲೆಕ್ಕಪತ್ರಗಳ ಜಮಾಬಂದಿ ಇಂದಿಗೂ ನಡೆಯುತ್ತದೆ, ಜನ ಬಂದು ಕೇಳಬಹುದು. ಅದೇ ದಿನ, ಅದೇ ಶಾಮಿಯಾನದ ಕೆಳಗೆ, ಆ ವರ್ಷ ಪಂಚಾಯಿತಿ ವ್ಯಾಪ್ತಿಯಲ್ಲಿ ಆದ ಪ್ರತಿ ಮುಟೇಶನ್ನನ್ನು, ಮಂಜೂರಾದ ಪ್ರತಿ ಗುಂಟೆಯನ್ನು ಸರ್ವೆ ನಂಬರು ಸಮೇತ ಗಟ್ಟಿಯಾಗಿ ಓದಿಸಬೇಕು. ದಾಖಲೆ ತೆರೆದು ತಿದ್ದಿದ ಅಧಿಕಾರಿಯ ಹುದ್ದೆಯನ್ನೂ ದಿನಾಂಕವನ್ನೂ ಅದರ ಜೊತೆ ಹೇಳಬೇಕು. ಜಿಲ್ಲಾಧಿಕಾರಿಯ ಒಂದು ಸುತ್ತೋಲೆ ಇದನ್ನು ಶುರುಮಾಡಲು ಸಾಕು. ಕಡೂರು, ತರೀಕೆರೆ, ಅಜ್ಜಂಪುರದ ರೈತರು ಆ ಸುತ್ತೋಲೆ ಬರುವವರೆಗೂ ಕಾಯಬೇಕಾಗಿಲ್ಲ: ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಪಟ್ಟಿಯನ್ನು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.